ಕರೆದ ದೇವರನ್ನು ಕಳಿಸಿಕೊಡುವವರು

ಮಂಗಳವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಭದ್ರಾವತಿಯ ಗುಜರಿ ಅಂಗಡಿಯೊಂದರ ಹಿಂದೆ ದುರ್ಗಪ್ಪ ರದ್ದಿ ಕಾಗದಕ್ಕೆ ಬೆಂಕಿ ಹಚ್ಚಿ ಉರುಮೆ ಕಾಯಿಸುತ್ತಿದ್ದಾರೆ. ಚರ್ಮ ಬಿಗಿಯಾದ ಮೇಲೆ ವಾದ್ಯವನ್ನು ಕೊರಳಿಗೆ ಹಾಕಿಕೊಂಡು ಒಂದು ಮುಖಕ್ಕೆ ಬಡಿಯುತ್ತಾರೆ, ಇನ್ನೊಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಗೂಳಿ ಗುಟುರು ಹಾಕಿದಂಥ ಸದ್ದು ಏಳುತ್ತದೆ. ಎದುರು ಮನೆಯ ಕಿಟಕಿಯಿಂದ ಯಾರೋ ಕೂಗುತ್ತಾರೆ: "ಶುರು ಮಾಡಿದ್ಯಾ ಮಾರಾಯ? ನೈಟ್ ಶಿಫ್ಟ್ ಮುಗಿಸ್ಕೊಂಡು ಈಗಷ್ಟೇ ಮಲಗಿದೀನಿ!" ದುರ್ಗಪ್ಪ ತಿರುಗಿಯೂ ನೋಡುವುದಿಲ್ಲ.

ಉಳಿದ ದಿನಗಳಲ್ಲಿ ಅವರ ಕೆಲಸ ಹಳೇ ಕಬ್ಬಿಣ ವಿಂಗಡಿಸುವುದು. ಮಂಗಳವಾರ ಮಾತ್ರ ಉರುಮೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಿವಮೊಗ್ಗದ ಬಸ್ಸು ಹತ್ತುತ್ತಾರೆ. ಕಂಡಕ್ಟರು ಅದನ್ನು ಲಗೇಜು ಎನ್ನುತ್ತಾನೆ, ಇವರು ಅಲ್ಲ ಎನ್ನುತ್ತಾರೆ, ವಾರವಾರವೂ ಅದೇ ಜಗಳ. ರಾಗಿಗುಡ್ಡದ ಕಡೆ ಒಂದು ಚೌಡಮ್ಮನ ಗುಡಿ ಇದೆ. ಗಾರೆ ಕೆಲಸಕ್ಕೆ ಹೋಗುವ ದ್ಯಾಮಮ್ಮನ ಮೈಮೇಲೆ ಅಲ್ಲಿ ಅಮ್ಮ ಬರುತ್ತಾಳೆ. ಮಗುವಿನ ಜ್ವರ, ಮನೆ ಬಿಟ್ಟು ಹೋದ ಗಂಡ, ನಿಲ್ಲದ ಗರ್ಭ, ಹೀಗೆ ಎಲ್ಲೂ ಉತ್ತರ ಸಿಗದವರು ಬಂದು ಕೇಳುತ್ತಾರೆ. ಉರುಮೆ ಗುಟುರು ಹಾಕದೆ ಅಮ್ಮ ಬರುವುದಿಲ್ಲ. ದುರ್ಗಪ್ಪನ ಅಪ್ಪನೂ ಅಜ್ಜನೂ ಇದೇ ಕೆಲಸ ಮಾಡಿದವರು.

ಪತ್ರಿಕೆಗೆ ಬರೆಯಲು ಹೋಗಿದ್ದ ನಾನು ಬಾಯಿ ತಪ್ಪಿ 'ಕಲಾವಿದರು' ಎಂದೆ. ದುರ್ಗಪ್ಪ ರೇಗಿಬಿಟ್ಟರು. "ಆ ಮಾತು ಬೇಡ ಸಾರ್. ಕಲಾವಿದ ಅಂದ್ರೆ ಜನ ನೋಡ್ಲಿ ಅಂತ ಬಾರ್ಸೋನು. ನಾನು ಅಮ್ಮ ಕೇಳ್ಲಿ ಅಂತ ಬಾರಿಸ್ತೀನಿ. ಜನ ಆ ಕಡೆ ಮುಖ ಮಾಡ್ಕೊಂಡು ಕೂತ್ರೂ ನಂಗೇನಿಲ್ಲ."

ಉರುಮೆಯಲ್ಲಿ ಕರೆಯುವ ಪೆಟ್ಟು ಬೇರೆ, ಕಳಿಸುವ ಪೆಟ್ಟು ಬೇರೆ. ಕರೆಯುವುದು ಜೋರು, ನೋಡುವವರಿಗೂ ಮೈ ಜುಮ್ಮೆನ್ನುತ್ತದೆ. ಕಳಿಸುವುದು ನಿಧಾನ. ಮೈದುಂಬಿದವಳ ಉಸಿರು ನೋಡಿಕೊಂಡು, ಅವಳ ಕೈಕಾಲು ಸಡಿಲವಾಗುವವರೆಗೂ ಬಾರಿಸಬೇಕು. ಅಷ್ಟು ಹೊತ್ತಿಗೆ ಜನ ಆಕಳಿಸಿ, ಚಪ್ಪಲಿ ಹುಡುಕುತ್ತಿರುತ್ತಾರೆ. "ನೆಂಟರನ್ನ ಕರೆದ್ಮೇಲೆ ಬಾಗಿಲ ತನಕ ಬಂದು ಕಳಿಸಿಕೊಡ್ಬೇಕೋ ಬೇಡ್ವೋ? ಒಳಗೆ ಕೂರ್ಸಿ, ನಾವು ಬೀಗ ಹಾಕ್ಕೊಂಡು ಹೋಗೋಕಾಗುತ್ತಾ?" ಎಂದು ಕೇಳುತ್ತಾರೆ ದುರ್ಗಪ್ಪ.

ಇಷ್ಟು ಸರಳವಾದ ಮಾತು ಗುಡಿಯ ಕಮಿಟಿಗೆ ಮಾತ್ರ ಅರ್ಥವಾಗುವುದಿಲ್ಲ. ಗುಡಿ ಎಂದರೆ ಬರೀ ಒಂದು ಕಲ್ಲಾಗಿದ್ದಾಗ ದುರ್ಗಪ್ಪ ಅಮ್ಮನ ಎದುರಿಗೇ ನಿಲ್ಲುತ್ತಿದ್ದರು. ಗ್ರಾನೈಟ್ ಬಂತು, ಅದರ ಹಿಂದೆ ಮಡಿ ಬಂತು, ಉರುಮೆಯ ಜಾಗ ಚಪ್ಪಲಿ ಬಿಡುವ ಕಡೆಗೆ ಹೋಯಿತು. ಆಮೇಲೆ ಸ್ವಿಚ್ಚು ಒತ್ತಿದರೆ ತಾನೇ ನಗಾರಿ ಬಡಿದು ಗಂಟೆ ಹೊಡೆಯುವ ಮಿಷನ್ನು ಬಂತು. ಅದರ ಮೇಲೆ ದಾನಿಗಳ ಹೆಸರು ಎಷ್ಟು ದೊಡ್ಡದಾಗಿದೆ ಎಂದರೆ, ಅಮ್ಮನಿಗೆ ಓದಲು ಬಂದರೆ ಆಕೆಗೂ ಸಿಟ್ಟು ಬಂದೀತು.

ಹೋದ ವರ್ಷದ ವಾರ್ಷಿಕೋತ್ಸವದಲ್ಲಿ ಕಮಿಟಿ ಅಧ್ಯಕ್ಷ ಯೋಗರಾಜ್ ಸ್ಟೇಜ್ ಹಾಕಿಸಿ, ಉರುಮೆಗೆ "ಐದು ನಿಮಿಷ" ಎಂದರು. ದುರ್ಗಪ್ಪ ಬಾರಿಸಿದರು, ದ್ಯಾಮಮ್ಮನ ಮೈಮೇಲೆ ಅಮ್ಮ ಬಂದಳು. ಸರಿಯಾಗಿ ಆಗಲೇ, ತಡವಾಗಿದ್ದ ಮುಖ್ಯ ಅತಿಥಿಯ ಕಾರೂ ಬಂತು. ಯೋಗರಾಜ್ ಓಡಿ ಬಂದು ದುರ್ಗಪ್ಪನ ಕೈಯಿಂದ ಕೋಲು ಕಿತ್ತುಕೊಂಡರು. ಮಿಷನ್ನು ಶುರುವಾಯಿತು, ಮಂಗಳಾರತಿ ಆಯಿತು, ಭಾಷಣ ಆಯಿತು. ನಡುಗುತ್ತಿದ್ದ ದ್ಯಾಮಮ್ಮನನ್ನು ಇಬ್ಬರು ಸ್ವಯಂಸೇವಕರು ಸ್ಟೇಜಿನ ಹಿಂದೆ ಕುರ್ಚಿಯಲ್ಲಿ ಕೂರಿಸಿ, ಕೈಗೊಂದು ಜ್ಯೂಸ್ ಪ್ಯಾಕೆಟ್ ಕೊಟ್ಟರು. ದೇವಿಗೆ ಜ್ಯೂಸು!

ಆ ನಡುಕ ನಿಲ್ಲಲಿಲ್ಲ. "ಅವ್ವ ನನ್ನ ಗುರ್ತೇ ಹಿಡೀಲಿಲ್ಲ" ಎನ್ನುತ್ತಾಳೆ ಮಗಳು ಧನಲಕ್ಷ್ಮಿ. "ಊಟ ಇಲ್ಲ, ನಿದ್ದೆ ಇಲ್ಲ. ಆಸ್ಪತ್ರೇಲಿ ಇಂಜೆಕ್ಷನ್ ಕೊಟ್ರು, ಮಲಗಿದ್ಲು. ಎದ್ಮೇಲೆ ಮತ್ತೆ ಅದೇ. ಕೊನೆಗೆ ನಾನೇ ಭದ್ರಾವತಿಗೆ ಓಡಿಹೋಗಿ ದುರ್ಗಪ್ಪ ಮಾಮನ್ನ ಕರ್ಕೊಂಡು ಬಂದೆ."

ದುರ್ಗಪ್ಪ ಆ ಬಾಡಿಗೆ ಮನೆಯ ಬಾಗಿಲು ಹಾಕಿಕೊಂಡು ಕಳಿಸುವ ಪೆಟ್ಟು ಬಾರಿಸಿದರು. ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು, ಸೀರಿಯಲ್ಲು ಕೇಳಿಸುತ್ತಿಲ್ಲವಂತೆ. ದುರ್ಗಪ್ಪ ನಿಲ್ಲಿಸಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ದ್ಯಾಮಮ್ಮ ಮಗಳನ್ನು ಹೆಸರು ಹಿಡಿದು ಕರೆದು ಗಂಜಿ ಕೇಳಿದರು. ಇಂಜೆಕ್ಷನ್ನೋ ಉರುಮೆಯೋ, ನಾನು ಹೇಳಲಾರೆ. ದ್ಯಾಮಮ್ಮನಿಗೆ ಮಾತ್ರ ಅನುಮಾನವೇ ಇಲ್ಲ. "ಬಾವಿಗಿಳಿಸಿ ಹಗ್ಗ ಕೊಯ್ದಂಗಾಗಿತ್ತು. ಅಣ್ಣ ಬಂದು ಮೇಲಕ್ಕೆಳ್ಕೊಂಡ. ಇನ್ನೊಂದ್ಸಲ ಹಂಗೆ ಮಾಡಿದ್ರೆ ನಾನು ಉಳಿಯಲ್ಲ" ಎನ್ನುತ್ತಾರೆ.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಲ್ಲ? ಮರುದಿನ ನಾನು ಗುಜರಿ ಅಂಗಡಿಯಲ್ಲಿ ಕೂತಿರುವಾಗಲೇ ಯೋಗರಾಜ್ ಬೈಕಿನಲ್ಲಿ ಬಂದಿಳಿಯುತ್ತಾರೆ. ಬರುವ ಮಂಗಳವಾರ ಈ ವರ್ಷದ ಉತ್ಸವ.

"ದುರ್ಗಪ್ಪ, ಹೋದ ವರ್ಷದ್ದು ಮನಸ್ಸಲ್ಲಿ ಇಟ್ಕೋಬೇಡ ಮಾರಾಯ. ಈ ಸಲ ಹತ್ತು ನಿಮಿಷ ಕೊಡ್ತೀವಿ. ಕೇಬಲ್‌ನವ್ರೂ ಬರ್ತಾರೆ, ಆ ಮೈದುಂಬೋದು ಚೆನ್ನಾಗಿ ಕಾಣುತ್ತೆ."

"ಯೋಗಣ್ಣ, ಹತ್ತು ನಿಮಿಷ ಯಾರಿಗೆ ಕೊಡ್ತೀರಿ? ನಂಗೋ, ಅಮ್ಮಂಗೋ?"

"ಅದೇನು ಹಾಗಂದ್ರೆ?"

"ನಾನು ಮುಗ್ಸೋ ತನಕ ಯಾರೂ ಮೈಕ್ ಮುಟ್ಟಬಾರ್ದು. ಅಷ್ಟು ಮಾತು ಕೊಡಿ, ಬರ್ತೀನಿ."

"ಗೆಸ್ಟ್ ಬಂದ್ಬಿಟ್ರೆ ಏನ್ ಮಾಡ್ಲಿ ಹೇಳು? ಅವ್ರನ್ನ ನಿಲ್ಸೋಕಾಗುತ್ತಾ?"

"ಅಮ್ಮನ್ನ ನಿಲ್ಸೋಕಾಗುತ್ತೆ ಅಲ್ವಾ ನಿಮ್ಗೆ?"

ಯೋಗರಾಜ್ ನನ್ನ ಕಡೆ ನೋಡಿ, 'ನೀವಾದರೂ ಹೇಳಿ' ಎಂಬಂತೆ ಕೈ ಚೆಲ್ಲುತ್ತಾರೆ. ನನಗೆ ಹೇಳಬೇಕೆನ್ನಿಸಿದ್ದು ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ. ಉರುಮೆ ಇಲ್ಲದಿದ್ದರೂ ಕಾರ್ಯಕ್ರಮ ನಡೆಯುತ್ತದೆ ಎಂದು ಗೊಣಗುತ್ತಾ ಅವರು ಹೊರಟುಹೋಗುತ್ತಾರೆ.

ದುರ್ಗಪ್ಪ ಮತ್ತೆ ತುಕ್ಕು ಹಿಡಿದ ಸಲಾಕೆಗಳ ಮುಂದೆ ಕೂರುತ್ತಾರೆ. ಹಾಗಾದರೆ ಈ ಸಲ ಹೋಗುವುದಿಲ್ಲವೇ ಎಂದು ಕೇಳುತ್ತೇನೆ.

"ಹೋಗ್ದೆ ಇರ್ತೀನಾ ಸಾರ್? ವರ್ಷಕ್ಕೊಂದ್ಸಲ ಕೇಳೋಕೆ ಅಂತ ಎಲ್ಲೆಲ್ಲಿಂದಲೋ ಜನ ಬರ್ತಾರೆ. ದ್ಯಾಮಮ್ಮಂಗೂ ಕೇಳೋಕೆ ಬರೋರಿಗೂ ಹೇಳಿದೀನಿ. ಹೊತ್ತು ಮೂಡೋಕೆ ಮುಂಚೇನೇ ಅವಳ ಮನೆ ಅಂಗಳಕ್ಕೆ ಹೋಗ್ತೀನಿ. ಅಮ್ಮ ಬರ್ಲಿ, ಬಂದೋರಿಗೆ ಉತ್ರ ಹೇಳ್ಲಿ, ನಿಧಾನಕ್ಕೆ ಹೋಗ್ಲಿ." ಸಲಾಕೆಯೊಂದನ್ನು ರಾಶಿಗೆ ಎಸೆದು ದುರ್ಗಪ್ಪ ಮೊದಲ ಸಲ ನಗುತ್ತಾರೆ. "ಇವ್ರು ಸ್ಟೇಜ್ ಕಟ್ಕೊಂಡು ಗೆಸ್ಟಿಗೆ ಕಾಯ್ತಾ ಇರ್ತಾರಲ್ಲ, ಅಷ್ಟೊತ್ತಿಗೆ ಅಮ್ಮ ಬಂದು ಹೋಗಿ ಆಗಿರುತ್ತೆ ಸಾರ್."