ಸೋಮವಾರದ ಮಳೆ

ಮನೆಗೆ ಬಂದವರಿಗೆ ನಾನು ಸೋತ ಚರ್ಚಾಸ್ಪರ್ಧೆಗಳ ಪ್ರಮಾಣಪತ್ರಗಳನ್ನು ಬೇಕಾದರೆ ತೋರಿಸುತ್ತೇನೆ. ಗೆದ್ದ ಒಂದರ ಪಾರಿತೋಷಕವನ್ನು ಮಾತ್ರ ಅಟ್ಟದ ಮೇಲಿಟ್ಟಿದ್ದೇನೆ.

ಮೂರು ಮಳೆಗಾಲದ ಹಿಂದಿನ, ಅಂದರೆ ೧೯೮೪ರ ಮಾತು. ಪತ್ರಿಕೆಗಳಲ್ಲಿ ನಮ್ಮದೇ ಉಪಗ್ರಹ ತೆಗೆದ ಮೋಡದ ಚಿತ್ರ ಬರತೊಡಗಿತ್ತು. ರಾಯಚೂರಿನಲ್ಲಿ ಚರ್ಚೆಗೆ ವಿಷಯವನ್ನೂ ಹಾಗೇ ಕೊಟ್ಟರು: ಮಳೆ ಅಳೆಯಲು ಇನ್ನು ಉಪಗ್ರಹ ಸಾಕು, ಮನುಷ್ಯ ಬೇಕಿಲ್ಲ. ನಾನು ಪರ. ದೇವರಿಗೇ ಪುರಾವೆ ಕೇಳುವವನು ಮಳೆಮಾಪಕವನ್ನು ಬಿಟ್ಟೇನೇ?

ದೇವದುರ್ಗದ ನಮ್ಮ ಓಣಿಯ ಮಹಬೂಬ್ ಚಾಚಾ ತಾಲೂಕು ಕಚೇರಿಯ ಅಂಗಳದ ಮಳೆಮಾಪಕ ನೋಡಿಕೊಳ್ಳುವವರು. ದಿನಾ ಮುಂಜಾನೆ ಎಂಟೂವರೆಗೆ ಅದರ ನೀರನ್ನು ಗೀಟು ಕೊರೆದ ಗಾಜಿನ ಲೋಟಕ್ಕೆ ಸುರಿದು ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಆಮೇಲೆ ಅವರು ಚಹಾದ ಹೋಟೆಲಿಗೆ ಬಂದರೆ ಇಡೀ ಬೆಂಚು ಕೇಳುತ್ತಿತ್ತು, "ಎಷ್ಟ್ ಬಿತ್ರೀ ಚಾಚಾ?" ಅವರು ಹೇಳಿದ ಮೇಲೆಯೇ ಊರಲ್ಲಿ ಮಳೆ ಬಿದ್ದಂತೆ.

ಪುರಾವೆಗೆಂದು ಕಚೇರಿಗೆ ಹೋಗಿ ಆ ಪುಸ್ತಕ ನೋಡಿದೆ. ಹಿಂದಿನ ಸೋಮವಾರ ಮಧ್ಯಾಹ್ನ ಬಸ್ಸಿಳಿದು ನಾನೇ ತೊಯ್ದು ತೊಪ್ಪೆಯಾಗಿದ್ದೆ. ಅಂದು ಸಂಜೆಯ ಉಪಗ್ರಹದ ಚಿತ್ರದಲ್ಲೂ ನಮ್ಮ ನೆತ್ತಿಯ ಮೇಲೆ ಬೆಳ್ಳನೆಯ ಮೋಡ. ಪುಸ್ತಕದಲ್ಲಿ ನೋಡಿದರೆ ಸೋಮವಾರಕ್ಕೆ ಸೊನ್ನೆ! ಹನಿಯೂ ಬೀಳದ ಮಂಗಳವಾರಕ್ಕೆ ಇಪ್ಪತ್ತೆರಡು ಮಿಲಿಮೀಟರ್. ಆರೋಪಿ ಸಿಕ್ಕಿಬಿದ್ದನೆಂದುಕೊಂಡೆ. ಚಾಚಾ ಪಕ್ಕದ ಕುರ್ಚಿಯಲ್ಲೇ ಇದ್ದರು. ನಾನು ಒಂದು ಮಾತೂ ಕೇಳಲಿಲ್ಲ. ಕೇಳಿದರೆ ಪುರಾವೆ ಕೆಟ್ಟೀತೆಂಬ ಅಳುಕು ಒಳಗೆಲ್ಲೋ ಇತ್ತೇನೋ.

"ಮೇಲಿನ ಕಣ್ಣಿಗೆ ಸೋಮವಾರ ಬಿದ್ದ ಮಳೆ ದೇವದುರ್ಗದ ಚಾಚಾಗೆ ಮಂಗಳವಾರ ಬೀಳುತ್ತದೆ" ಎಂದು ವೇದಿಕೆಯಲ್ಲಿ ಹೇಳಿದೆ. ಸಭೆ ನಕ್ಕಿತು, ಬಹುಮಾನ ಬಂತು. ಆ ನಗು ನನಗಿಂತ ಮೊದಲೇ ಊರು ಸೇರಿತ್ತು.

ಮರುವಾರ ಹೋಟೆಲಿನಲ್ಲಿ ಬಟ್ಟೆ ಅಂಗಡಿಯ ಈರಣ್ಣ, "ಚಾಚಾ, ಇವತ್ತ ಯಾವ ವಾರ್ರೀ?" ಎಂದ. ಬೆಂಚು ನಕ್ಕಿತು. ಎಷ್ಟು ಬಿತ್ತೆಂದು ಯಾರೂ ಕೇಳಲಿಲ್ಲ. ಇಪ್ಪತ್ತು ವರ್ಷ ಅಳೆದವರ ಮಾತಿಗೆ ಊರಲ್ಲಿ ಬೆಲೆಯಿಲ್ಲದಂತಾಗಿತ್ತು. ಚಾಚಾ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ನಾನು ಹಿಂದೆಯೇ ಹೋದೆ.

"ನಿನ್ನಿ ಎಂಟೂವರಿಯಿಂದ ಇವತ್ತ ಎಂಟೂವರಿ ತನಕ ಬಿದ್ದದ್ದು ಇವತ್ತಿನ ತಾರೀಖಿಗೆ ಬರೀತೀವಪಾ. ದೇಶದಾಗೆಲ್ಲಾ ಹಂಗ ಅದ," ಎಂದರು. "ನೀ ಬಾಜೂಕ ನಿಂತಿದ್ದಿ. ಕೇಳಿದ್ರ ಹೇಳ್ತಿದ್ನಲ್ಲೋ ಬೇಟಾ."

ಉಪಗ್ರಹದ ತಪ್ಪೇನಿಲ್ಲ. ಮಾಪಕ ನೆಡಲು ನೆಲವೇ ಇಲ್ಲದ ನಡುಗಡಲಿನ ಮಳೆಯನ್ನು ಅದಲ್ಲದೆ ಯಾರು ನೋಡಬೇಕು? ಆದರೆ ಅದಕ್ಕೆ ಕಾಣುವುದು ಮೋಡದ ಬೆನ್ನು. ಬೆನ್ನು ಎಷ್ಟು ತಣ್ಣಗಿದೆಯೆಂದು ನೋಡಿ, ಕೆಳಗೆ ಇಷ್ಟು ಸುರಿದಿರಬೇಕೆಂದು ಊಹಿಸುತ್ತಾರೆ. ಎತ್ತರದ ತೆಳುಮೋಡವೊಂದು ಪಕ್ಕದ ಮಾನ್ವಿಯ ಮೇಲೆ ಹನಿಯುದುರಿಸದೆ ಹಾದುಹೋದರೂ ಮೇಲಿನಿಂದ ಮಳೆಯೆಂದೇ ಕಂಡೀತು. ಊಹೆ ಸರಿಯೇ ಎಂದು ವಿಜ್ಞಾನಿಗಳು ಕೊನೆಗೆ ಕೇಳುವುದು ಕೆಳಗಿನ ಗಾಜಿನ ಲೋಟವನ್ನೇ. ಅಷ್ಟು ಎತ್ತರದಿಂದ ನೋಡುವವರಿಗೂ ಕೇಳುವ ಸೌಜನ್ಯವಿದೆ. ಪಕ್ಕದಲ್ಲೇ ನಿಂತಿದ್ದ ನನಗಿರಲಿಲ್ಲ.

ಮರುದಿನ ಹೋಟೆಲಿನಲ್ಲಿ ಎದ್ದು ನಿಂತು ತಪ್ಪು ನನ್ನದೆಂದೆ, ಎಂಟೂವರೆಯ ನಿಯಮ ವಿವರಿಸಿದೆ.

"ನೋಡ್ರಲೇ, ಇವತ್ತ ಆ ಕಡಿಯಿಂದ ಮಾತಾಡಾಕತ್ಯಾನ!" ಎಂದ ಈರಣ್ಣ. "ಇದಕ್ಕೂ ಬಹುಮಾನ ಅದ ಏನಲೇ?"

ಎರಡೂ ಕಡೆಯಿಂದ ವಾದಿಸಬಲ್ಲವನನ್ನು ಜನ ಯಾವ ಕಡೆಯಿಂದಲೂ ನಂಬುವುದಿಲ್ಲ.

ಆದ್ದರಿಂದ ಮುಂದಿನ ಮಳೆಯ ಮರುಮುಂಜಾನೆ, ವಾದ ಬಿಟ್ಟು, ಈರಣ್ಣನನ್ನೇ ಅಂಗಳಕ್ಕೆ ಎಳೆದೊಯ್ದೆ. ಚಾಚಾ ನೀರು ಸುರಿದು ಲೋಟವನ್ನು ಕಟ್ಟೆಯ ಮೇಲಿಟ್ಟರು.

"ಕುಂತು ನೋಡಪಾ. ಕಣ್ಣು ನೀರಿನ ಮಟ್ಟಕ್ಕ ಬರ್ಲಿ. ಮ್ಯಾಲಿಂದ ನೋಡಿದ್ರ ತಪ್ಪ ಕಾಣ್ತದ."

ಈರಣ್ಣ ಇಸ್ತ್ರಿಯ ಧೋತರದಲ್ಲೇ ಕೆಸರಿನಲ್ಲಿ ಮಂಡಿಯೂರಿದ. ನಾನೂ ಊರಿದೆ.

ಆಮೇಲೆ ಹೋಟೆಲಿನಲ್ಲಿ ಬೆಂಚಿನ ತುದಿಯಿಂದ ಯಾರೋ ಕೇಳಿದರು, "ಎಷ್ಟ್ ಬಿತ್ರೀ?"

"ಏಳು," ಎಂದರು ಚಾಚಾ.

"ಖರೇನ ಏಳು. ನಾನೂ ನೋಡೀನಿ," ಎಂದ ಈರಣ್ಣ.

ಯಾರೂ ನಗಲಿಲ್ಲ. ನಾನು, ಅಪರೂಪಕ್ಕೆ, ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ.