ಮೊದಲು ಧೂಳು ಒರೆಸು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಯಜಮಾನರಿಗೆ, ತಮ್ಮ ಕೈ ಸೋಕಿದರೆ ಸತ್ತ ಯಂತ್ರವೂ ಎದ್ದು ಕೂರುತ್ತದೆ ಎಂಬ ನಂಬಿಕೆ. ಮನೆಯ ಮಿಕ್ಸರ್ ಮಾತ್ರ ಅವರ ಕೈ ಸೋಕಿದ ಮೇಲೆ ಏಳಲೇ ಇಲ್ಲ. ಅದರ ಆಯುಸ್ಸೇ ಅಷ್ಟಿತ್ತು ಎಂದರು.

ಹೆಂಡತಿ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವರು. ಇಪ್ಪತ್ತಾರು ವರ್ಷದ ಗಿರಾಕಿಗಳ ಅಳತೆ ಒಂಬತ್ತು ನೋಟ್‌ಬುಕ್ಕುಗಳಲ್ಲಿತ್ತು. ಬರೀ ಇಂಚುಗಳಲ್ಲ, ‘ಎಡ ಹೆಗಲು ಇಳಿದಿದೆ, ಹೇಳಬಾರದು’, ‘ಸೊಂಟ ಮೂವತ್ತಾರು, ಮೂವತ್ತೆರಡು ಅಂತಾರೆ’ ಎಂಬಂಥ ಗುಟ್ಟುಗಳೂ. ಒಂದೇ ಬೆರಳಲ್ಲಿ ವರ್ಷವಿಡೀ ಕುಟ್ಟಿ ಅವನ್ನೆಲ್ಲ ಹೊಲಿಗೆಯಂತ್ರದ ಪಕ್ಕದ ಕಂಪ್ಯೂಟರಿಗೆ ಏರಿಸಿದವರು ಹೆಂಡತಿ. ಏರಿಸಿದ್ದು ತಾವೆಂದು ಬೀದಿಗೆಲ್ಲ ಹೇಳಿದವರು ಯಜಮಾನರು. ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕಿದ್ದು ಮಾತ್ರ ನಿಜವಾಗಿಯೂ ಅವರೇ.

ಈ ವಾರ ಆ ಕಂಪ್ಯೂಟರು ಮಧ್ಯಾಹ್ನವಾಯಿತೆಂದರೆ ತಾನಾಗಿಯೇ ಕಣ್ಣು ಮುಚ್ಚತೊಡಗಿತು.

“ರೀ, ಎದುರುಮನೆಯವಳನ್ನ ಕರೀಲಾ? ಅವಳ ಕೆಲಸಾನೇ ಇದು.”

“ಊರಿನ ಫೋನೆಲ್ಲ ನನ್ನ ಕೈಮೇಲೆ ಓಡಿದಾವೆ ಕಣೇ. ನಿನ್ನೆ ಮೊನ್ನೆ ಕಣ್ಣು ಬಿಟ್ಟೋಳನ್ನ ಹೋಗಿ ಕೇಳ್ಲಾ?”

ಮರುದಿನ ಬೆಳಿಗ್ಗೆ ಆರಿಸಿ ಹಚ್ಚಿದರು, ತಟ್ಟಿದರು, ಕೊನೆಗೆ ರೀಸೆಟ್ ಎಂಬುದನ್ನು ಹುಡುಕಿ ಹಿಡಿದರು. ಪರದೆ ಮರ್ಯಾದೆಯಾಗಿಯೇ ಕೇಳಿತು: ಫೈಲುಗಳನ್ನು ಉಳಿಸಲೇ, ಎಲ್ಲವನ್ನೂ ತೆಗೆಯಲೇ?

“ನನ್ನ ಅಳತೆ ಇರುತ್ತೆ ತಾನೇ?” ಹೆಂಡತಿ ಕತ್ತರಿ ಹಿಡಿದೇ ಹತ್ತಿರ ಬಂದರು.

ಫೈಲು ಎಂದರೆ ಅಳತೆಯೂ ಸೇರಿತೇ ಎಂದು ಯಜಮಾನರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಮೂರೇ ಅಕ್ಷರದ ಮಾತು.

“ಎಲ್ಲಿಗೆ ಹೋಗುತ್ತೆ? ಅರೆಬರೆ ಕೆಲಸ ನಮ್ಮ ವಂಶದಲ್ಲೇ ಇಲ್ಲ,” ಎಂದು ಎರಡನೆಯದನ್ನು ಒತ್ತಿದರು.

ಕಂಪ್ಯೂಟರು ತೊಳೆದ ತಟ್ಟೆಯ ಹಾಗೆ ಎದ್ದಿತು. ಅಳತೆ ಇರಲಿಲ್ಲ. ಮಧ್ಯಾಹ್ನ ಮತ್ತೆ ಆರಿಯೂ ಹೋಯಿತು.

ಎದುರುಮನೆಯವಳು ಬಂದಳು. ಪಕ್ಕದ ತಗಡು ಬಿಚ್ಚಿ, ಫ್ಯಾನಿನೊಳಗಿಂದ ಬಣ್ಣಬಣ್ಣದ ಬಟ್ಟೆನಾರಿನ ಉಂಡೆಯೊಂದನ್ನು ಬ್ರಶ್ಶಿನಲ್ಲಿ ಎಳೆದಳು.

“ನೋಡಿ ಅಂಕಲ್, ಬಿಸಿ ಹೊರಗೆ ಹೋಗ್ದೆ ಆಫ್ ಆಗ್ತಿತ್ತು, ಅಷ್ಟೇ. ರೀಸೆಟ್ ಯಾಕೆ ಮಾಡೋಕೆ ಹೋದ್ರಿ?”

ಸಂಜೆಯವರೆಗೂ ಹುಡುಕಿದಳು, ಹೋದ ಫೈಲು ಬರಲಿಲ್ಲ.

ಯಜಮಾನರು ಆ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ಕೂತರು. ಎಕ್ಸ್‌ಚೇಂಜಿಗೆ ಹೊಸದಾಗಿ ಸೇರಿದವರಿಗೆಲ್ಲ ಅವರು ಕಲಿಸುತ್ತಿದ್ದ ಮೊದಲ ಪಾಠವೇ ‘ಮೊದಲು ಧೂಳು ಒರೆಸು, ಆಮೇಲೆ ತಲೆ ಓಡಿಸು’ ಎಂಬುದು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎದುರು ವಾದಿಸಿ ಹಗುರಾಗಬಹುದಿತ್ತು.

“ಮೂಲೆಮನೆ ಅಜ್ಜಿ ಹಾಸಿಗೆ ಹಿಡಿದಿದಾರೆ,” ಎಂದರು. “ಹಳೇ ಅಳತೇಲೇ ಸಡಿಲ ಮಾಡಿ ಹೊಲೀತಿದ್ದೆ. ಈಗ ಎದ್ದು ನಿಲ್ಲಿ ಅನ್ನಲಾ ಅವರಿಗೆ?”

ಯಜಮಾನರೇ ಅಂಗಡಿಗೆ ಹೋಗಿ ದಪ್ಪ ನೋಟ್‌ಬುಕ್ ತಂದರು.

“ನಿಂತ್ಕೊಳ್ಳಿ. ನಿಮ್ಮಿಂದಲೇ ಶುರು,” ಎಂದು ಹೆಂಡತಿ ಟೇಪು ಬಿಚ್ಚಿದರು.

ಯಜಮಾನರು ಅಭ್ಯಾಸಬಲದಿಂದ ಎದೆ ಉಬ್ಬಿಸಿದರು. “ನಲವತ್ತೆರಡು.”

“ಉಸಿರು ಬಿಡ್ರೀ.”

ಮೂವತ್ತೆಂಟು. ಹೆಂಡತಿ ಅದನ್ನು ಬರೆದು, ಪಕ್ಕದಲ್ಲಿ ಇನ್ನೊಂದು ಸಣ್ಣ ಸಾಲು ಬರೆದು, ಅಂಗೈ ಅಡ್ಡ ಇಟ್ಟರು. ಅಂಥ ಸಾಲುಗಳಲ್ಲಿ ಇರುವುದು ಹೇಳಬಾರದ್ದು ಎಂದು ಯಜಮಾನರಿಗೆ ಗೊತ್ತು. ಏನೆಂದು ಕೇಳಲಿಲ್ಲ.

“ನಡೀರಿ, ಅಜ್ಜಿ ಮನೆಗೆ. ಮಲಗಿದಲ್ಲೇ ಅಳೀಬೇಕು. ಟೇಪಿನ ಆ ತುದಿ ಹಿಡ್ಕೊಳ್ಳೋಕೆ ಒಬ್ಬರು ಬೇಕು.”

ಯಜಮಾನರು ಚಪ್ಪಲಿ ಮೆಟ್ಟಿದರು.