ಭೂತನಾಳ ಕೆರಿಗೆ ವಾಸ್ತುದೋಷ

ಗೆಳೆಯಾರ, ನಮ್ಮೂರ ಭೂತನಾಳ ಕೆರಿ ಎತ್ತಿ ಬ್ಯಾರೆ ಕಡೆ ಇಡು ಅಂತ ಇವತ್ತ ನನಗ ಹೇಳ್ಯಾರ. ನಗಬ್ಯಾಡ್ರಿ, ಖರೇನ ಹೇಳ್ಯಾರ.

ಹೊಸ ಬಸ್ ನಿಲ್ದಾಣದ ಬಾಗಲ ಗ್ವಾಡಿ ಮ್ಯಾಲ ನಾನು ಮತ್ತ ಗೆಳತಿ ಸಾವಿತ್ರಿ ಊರು, ಸುತ್ತಲ ಹಳ್ಳಿಗಳ ದೊಡ್ಡದೊಂದು ನಕಾಶಿ ಬರ್ಯಾಕತ್ತೀವಿ. ಊರಿಗೆ ಹೊಸದಾಗಿ ಬಂದಾವ್ರು ನೋಡಿ ದಾರಿ ತಿಳ್ಕೊಳ್ಳಲಿ ಅಂತ. ಮುಂಜಾನೆ ಉದ್ಘಾಟನಾ ಸಮಿತಿ ಅಧ್ಯಕ್ಷರು ವಾಸ್ತು ಪಂಡಿತರೊಬ್ಬರನ್ನ ಕರ್ಕೊಂಡು ಬಂದ್ರು. ಪಂಡಿತರು ನಕಾಶಿ ನೋಡಿ, "ನೀರು ಪಶ್ಚಿಮಕ್ಕ ಐತಲ್ಲ! ಈಶಾನ್ಯಕ್ಕ ಇರಬೇಕು," ಅಂದ್ರು.

"ಕೆರಿ ಇರೋದ ಅಲ್ಲಿರಿ," ಅಂದೆ.

"ಖರೇ ಕೆರಿ ಅಲ್ಲೇ ಇರಲಿ ಬಿಡ ತಂಗಿ," ಅಂದ್ರು ಅಧ್ಯಕ್ಷರು. "ಗ್ವಾಡಿ ಮ್ಯಾಲ ಸರಿಸಾಕ ನಿನಗೇನ ತ್ರಾಸು?"

"ಆ ಕಡೆ ಇರೋ ಟಿಕೋಟಾ, ಬಬಲೇಶ್ವರ ಊರುಗಳೂ ಅದರ ಬೆನ್ನತ್ತಿ ಬರಬೇಕೇನ್ರಿ?" ಅಂತ ಸಾವಿತ್ರಿ ಕೇಳಿದಳು. ಅಧ್ಯಕ್ಷರು ಸಲಹೆ ಕೇಳೋರಂಗ ಪಂಡಿತರ ಮಾರಿ ನೋಡಿದ್ರು!

ನಾನು ಒಲ್ಲೆ ಅಂದೆ. ನಾವು ಊಟಕ್ಕ ಹೋಗಿ ಬರೋದ್ರಾಗ ಅಧ್ಯಕ್ಷರು ಬೋರ್ಡ್ ಬರಿಯಾವನ್ನ ಕರಿಸಿ, ಈಶಾನ್ಯದ ಮೂಲ್ಯಾಗ ಇನ್ನೊಂದು ನೀಲಿ ಕೆರಿ ಬರಿಸಿದ್ರು. ಆ ಬಣ್ಣದ ಕೆಳಗ ಎರಡು ಹಳ್ಳಿ ಮುಳುಗ್ಯಾವ.

ಇಂಥಾ ಸುಳ್ಳು ನಕಾಶಿಗೆ ನಮ್ಮ ಹೆಸರು ಬ್ಯಾಡ ಅನಿಸ್ತು. ಬ್ರಷ್ ತಗೊಂಡು ನಕಾಶಿ ಕೆಳಗಿದ್ದ ನಮ್ಮಿಬ್ಬರ ಹೆಸರು ನಾನ ಅಳಿಸಿದೆ. ಅಧ್ಯಕ್ಷರು ತಡೀತಾರ ಅನ್ಕೊಂಡಿದ್ದೆ. ಅವರು ಹತ್ರ ಬಂದು, "ಛಲೋ ಆತು, ಅಲ್ಲಿ ನನ್ನ ಹೆಸರು ಬರಿಯವಾ, ದೊಡ್ಡ ಅಕ್ಷರದಾಗ," ಅಂದ್ರು.

ಅವರ ಹೆಸರಿಗೆ ಮಾತ್ರ ಯಾವ ದಿಕ್ಕಾದ್ರೂ ನಡೀತೈತಂತ.